ಒಲೆಗೆ ಕಾಲಿಟ್ಟ ದೆವ್ವ, ಉದ್ಯಾವರದ ಆಚಾರ್ಯರು

ಅಡುಗೆಮನೆ. ಮಣ್ಣಿನ ಒಲೆ. ಒಲೆ ಮೇಲೆ ಪಾತ್ರೆ. ಸೌದೆ ಇಲ್ಲ. ಅಡುಗೆ ಮಾಡಬೇಕಾದವಳು ಸುತ್ತಮುತ್ತ ನೋಡ್ತಾಳೆ, ಆರಾಮಾಗಿ ಕೂತ್ಕೊಂಡು ತನ್ನ ಕಾಲನ್ನೇ ಒಲೆಯೊಳಗೆ ತುರುಕ್ತಾಳೆ. ಕಾಲು ಧಗಧಗ ಉರಿಯುತ್ತೆ. ಅವಳ ಮುಖದಲ್ಲಿ ನೋವಿಲ್ಲ, ಅವಸರವಿಲ್ಲ. ಅನ್ನ ಬೇಯ್ತಾ ಇದೆ.

ಈ ದೃಶ್ಯವನ್ನ ನೀವು ನೋಡಿರಬಹುದು, ಇಲ್ಲವೇ ಮನೆಯಲ್ಲಿ ಹಿರಿಯರು ಹೇಳಿದ್ದು ಕೇಳಿರಬಹುದು. 1978ರ ತೆಲುಗು ಚಿತ್ರ 'ಜಗನ್ಮೋಹಿನಿ'. ತಮಿಳಿಗೆ ಡಬ್ ಆಗಿ ಅಲ್ಲೂ ಹುಚ್ಚೆಬ್ಬಿಸಿದ ಸಿನಿಮಾ. ಆಂಧ್ರದಲ್ಲಿ ಒಂದು ಇಡೀ ತಲೆಮಾರು ರಾತ್ರಿ ಒಬ್ಬರೇ ಎದ್ದು ಹಿತ್ತಲಿಗೆ ಹೋಗೋಕೆ ಹೆದರಿದ್ದು ಇದರಿಂದ. ಅದನ್ನ ನಿರ್ದೇಶಿಸಿದವರ ಹೆಸರು ಬಿ. ವಿಠಲಾಚಾರ್ಯ. ತೆಲುಗಿನವರು ಅವರನ್ನ 'ಜಾನಪದ ಬ್ರಹ್ಮ' ಅಂತಾರೆ. ಅಲ್ಲಿನ ಆಡುಮಾತಿನಲ್ಲಿ, ನಂಬಲಾಗದ ತಿರುವು ಯಾವುದೇ ಬರಲಿ, ರಾಜಕೀಯದಲ್ಲೇ ಬರಲಿ, 'ಇದೇನು ವಿಠಲಾಚಾರ್ಯ ಸಿನಿಮಾನಾ?' ಅಂತ ಕೇಳ್ತಾರೆ. ಒಬ್ಬ ನಿರ್ದೇಶಕನ ಹೆಸರು ಭಾಷೆಯೊಳಗೆ ಗಾದೆಯ ಹಾಗೆ ಸೇರಿಕೊಳ್ಳೋದು ಸಣ್ಣ ವಿಷಯ ಅಲ್ಲ.

ಆ ವಿಠಲಾಚಾರ್ಯರು ಯಾರು ಗೊತ್ತಾ? ನಮ್ಮ ಉಡುಪಿ ಪಕ್ಕದ ಉದ್ಯಾವರದವರು. ಕನ್ನಡಿಗರು. ಅವರ ಸಿನಿಮಾ ಬದುಕು ಶುರುವಾಗಿದ್ದು ಹಾಸನ ಜಿಲ್ಲೆಯ ಟೆಂಟಿನಲ್ಲಿ, ಬೆಳೆದದ್ದು ಮೈಸೂರಿನಲ್ಲಿ. 1952ರಲ್ಲಿ ಅವರು ಮೊದಲ ಸಲ ನಿರ್ದೇಶಕರ ಕುರ್ಚಿಯಲ್ಲಿ ಕೂತಿದ್ದು ಕನ್ನಡ ಚಿತ್ರಕ್ಕೆ. ಇವತ್ತು ಕನ್ನಡದ ಹುಡುಗರನ್ನ ನಿಲ್ಲಿಸಿ ಕೇಳಿ, ಹತ್ತರಲ್ಲಿ ಒಂಬತ್ತು ಜನಕ್ಕೆ ಹೆಸರೂ ಗೊತ್ತಿರಲ್ಲ.

ಮೊದಲು ಒಂದು ಪದದ ಲೆಕ್ಕ ಚುಕ್ತಾ ಮಾಡಿಬಿಡೋಣ. ಸರ್ರಿಯಲಿಸಂ. ಉಪೇಂದ್ರ ಅವರ 'ಯುಐ' 2024ರ ಡಿಸೆಂಬರಿನಲ್ಲಿ ಬಂದಾಗ ವಿಮರ್ಶೆ ಮಾಡೋರೆಲ್ಲ ಈ ಪದವನ್ನ ಉಪ್ಪಿನಕಾಯಿ ಥರ ಬಡಿಸಿದ್ರು. ಏನಿದು? 1924ರಲ್ಲಿ ಪ್ಯಾರಿಸ್‌ನಲ್ಲಿ ಆಂದ್ರೆ ಬ್ರೆಟನ್ ಅನ್ನೋ ಕವಿ ಒಂದು ಪ್ರಣಾಳಿಕೆ ಬರೆದ. ಎಚ್ಚರದ ಬುದ್ಧಿ ಹೇಳೋದಷ್ಟೇ ನಿಜ ಅಲ್ಲ, ಕನಸಿನಲ್ಲಿ ಕಾಣೋದಕ್ಕೂ ನಿಜದಷ್ಟೇ ಹಕ್ಕಿದೆ ಅನ್ನೋದು ಅದರ ತಿರುಳು. 1929ರಲ್ಲಿ ಬುನುವೆಲ್ ಮತ್ತು ಚಿತ್ರಕಾರ ಡಾಲಿ ಸೇರಿ ಒಂದು ಪುಟ್ಟ ಸಿನಿಮಾ ಮಾಡಿದ್ರು. ಅದರಲ್ಲಿ ಒಬ್ಬಳ ಕಣ್ಣನ್ನ ಕ್ಷೌರದ ಕತ್ತಿಯಿಂದ ಸೀಳೋ ದೃಶ್ಯ, ಒಬ್ಬನ ಅಂಗೈ ತೂತಿನಿಂದ ಇರುವೆಗಳು ಹರಿದು ಬರೋ ದೃಶ್ಯ ಇದೆ. ಯಾಕೆ ಅಂತ ಯಾರೂ ವಿವರಿಸಲ್ಲ. ಕನಸು ವಿವರಣೆ ಕೊಡುತ್ತಾ?

ಈಗ ಒಲೆಗೆ ಕಾಲಿಟ್ಟವಳನ್ನ ಇದರ ಪಕ್ಕ ನಿಲ್ಲಿಸಿ ನೋಡಿ. ಅಲ್ಲಿ ಇರುವೆ, ಇಲ್ಲಿ ಸೌದೆ. ದಿನಾ ಮಾಡೋ ಕೆಲಸ, ದಿನಾ ನೋಡೋ ವಸ್ತು, ಅದರೊಳಗೆ ಒಂದೇ ಒಂದು ಅಸಾಧ್ಯವಾದ ಸಂಗತಿ. ಪ್ಯಾರಿಸ್‌ನವರು ಅದಕ್ಕೆ ಪ್ರಣಾಳಿಕೆ ಬರೆದ್ರು. ನಮ್ಮವರು ಟಿಕೆಟ್ ಹರಿದ್ರು, ಅಷ್ಟೇ. ವಿಠಲಾಚಾರ್ಯರು ಬ್ರೆಟನ್‌ನನ್ನ ಓದಿ ಸಿನಿಮಾ ಮಾಡಿದವರಲ್ಲ. ಅವರ ಶಾಲೆಯ ಓದು ಮೂರನೇ ಕ್ಲಾಸಿಗೇ ನಿಂತಿತ್ತು ಅಂತ ಅವರ ಬದುಕಿನ ಬಗ್ಗೆ ಬರೆದವರು ಹೇಳ್ತಾರೆ.

ಹಾಗಾದ್ರೆ ಇದೆಲ್ಲ ಎಲ್ಲಿಂದ ಬಂತು? ಅದಕ್ಕೆ ಕರಾವಳಿಗೇ ಹೋಗಬೇಕು. ಅವರು ಹುಟ್ಟಿದ್ದು 1920ರ ಜನವರಿಯಲ್ಲಿ. ತಂದೆ ಆಯುರ್ವೇದದ ವೈದ್ಯರು. ತುಂಬಿದ ಮನೆ. ಆ ಕಾಲದ ಉದ್ಯಾವರದಲ್ಲಿ ಒಬ್ಬ ಹುಡುಗನಿಗೆ ಮನರಂಜನೆ ಅಂದ್ರೆ ಬಯಲಾಟ. ಗದ್ದೆಯಲ್ಲಿ ರಾತ್ರಿಯಿಡೀ ಚೆಂಡೆ. ಬಣ್ಣದ ವೇಷ ಬರೋದನ್ನ ನೋಡಿದ್ದೀರಾ? ರಕ್ಕಸ ಒಮ್ಮೆಗೇ ಮುಖ ತೋರಿಸಲ್ಲ. ತೆರೆ ಹಿಂದೆ ನಿಲ್ತಾನೆ, ಕಿರೀಟದ ತುದಿ ಕಾಣುತ್ತೆ, ಕೂಗು ಕೇಳುತ್ತೆ, ದೀವಟಿಗೆಗೆ ರಾಳದ ಪುಡಿ ಎಸೀತಾರೆ, ಭಗ್ ಅಂತ ಬೆಂಕಿ ಏಳುತ್ತೆ, ಆಮೇಲೆ ಆ ಮುಖ. ಇದು ಬರೀ ಹೆದರಿಸೋ ತಂತ್ರ ಅಲ್ಲ ಸ್ವಾಮಿ, ಇದು ಎಡಿಟಿಂಗ್. ಯಾವಾಗ ತೋರಿಸಬೇಕು, ಎಷ್ಟು ಹೊತ್ತು ಬಚ್ಚಿಡಬೇಕು ಅನ್ನೋ ಪಾಠ. ಜೊತೆಗೆ ಭೂತಕೋಲದ ನಾಡು ಅದು. ನಿನ್ನೆ ತೋಟದಲ್ಲಿ ಕೆಲಸ ಮಾಡ್ತಿದ್ದ ಮನುಷ್ಯ ಇವತ್ತು ರಾತ್ರಿ ದೈವವಾಗಿ ನಿಮ್ಮ ಮನೆಯ ಜಗಳ ತೀರ್ಮಾನ ಮಾಡ್ತಾನೆ. ಮಾಯೆ ಅಲ್ಲಿ ದಿನನಿತ್ಯದ ವ್ಯವಹಾರ. 2022ರಲ್ಲಿ 'ಕಾಂತಾರ' ನೋಡಿ ದೇಶ ಬೆಚ್ಚಿತಲ್ಲ, ಆ ಬಾವಿಯಿಂದ ವಿಠಲಾಚಾರ್ಯರು ಎಷ್ಟೋ ದಶಕ ಮೊದಲೇ ನೀರು ಸೇದಿದ್ರು.

ಹುಡುಗ ಒಂಬತ್ತನೇ ವಯಸ್ಸಿಗೇ ಮನೆ ಬಿಟ್ಟು ಹೊರಟು ಅರಸೀಕೆರೆ ಸೇರಿದ ಅಂತ ಕಥೆ. ಉಡುಪಿ ಕಡೆಯ ಹುಡುಗ ಘಟ್ಟ ಹತ್ತಿದ್ರೆ ಮೊದಲು ಸಿಗೋದು ಏನು? ಹೋಟೆಲು. ಸಿಕ್ಕ ಸಿಕ್ಕ ಕೆಲಸ ಮಾಡಿ, ಕೊನೆಗೆ ಸಂಬಂಧಿಕರ ಹೋಟೆಲನ್ನೇ ಕೊಂಡು ನಡೆಸಿದ್ರು. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಬಂತು, ಗೆಳೆಯರ ಜೊತೆ ಜೈಲು ಕಂಡ್ರು. ಹೊರಗೆ ಬಂದ ಮೇಲೆ ಹೋಟೆಲನ್ನ ತಮ್ಮನಿಗೆ ಒಪ್ಪಿಸಿ, ಡಿ. ಶಂಕರ್ ಸಿಂಗ್ ಮತ್ತಿತರ ಗೆಳೆಯರ ಜೊತೆ ಸೇರಿ ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸ್ ಶುರು ಮಾಡಿದ್ರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕಂದ್ರೆ ಈ ಟೆಂಟೇ ಅವರ ಫಿಲಂ ಇನ್‌ಸ್ಟಿಟ್ಯೂಟ್.

ಟೆಂಟ್ ಸಿನಿಮಾ ಅಂದ್ರೆ ಇವತ್ತಿನ ಮಕ್ಕಳಿಗೆ ಏನು ಅಂತ ಹೇಳೋದು? ಊರಾಚೆ ಬಯಲು, ಕ್ಯಾನ್ವಾಸ್ ಡೇರೆ, ಎದುರಿಗೆ ಬಿಳಿ ಪರದೆ. ನೆಲ, ಬೆಂಚು, ಕುರ್ಚಿ ಅಂತ ಮೂರು ಜಾತಿ. ಒಂದೇ ಪ್ರೊಜೆಕ್ಟರ್ ಆದ್ರೆ ರೀಲು ಬದಲಾಯಿಸುವಾಗೆಲ್ಲ ದೀಪ ಹಾಕಬೇಕು, ಕಡಲೇಕಾಯಿ ಮಾರೋನು ಒಳಗೆ ಬರ್ತಾನೆ. ನೆಲದ ಟಿಕೆಟ್ಟಿನವರು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರ್ತಾರೆ, ಹಿಂದಿನವರು ಬೈತಾರೆ. ಇದನ್ನ ನಡೆಸೋ ಮನುಷ್ಯ ಪರದೆಯನ್ನ ಮಾತ್ರ ನೋಡಲ್ಲ. ಜನರ ಮುಖ ನೋಡ್ತಾನೆ. ಯಾವ ಹಾಡಿಗೆ ಜನ ಬೀಡಿ ಸೇದೋಕೆ ಹೊರಗೆ ಎದ್ದು ಹೋದ್ರು, ಯಾವ ದೃಶ್ಯಕ್ಕೆ ಮಗು ತಾಯಿಯ ಸೆರಗು ಹಿಡೀತು, ಎಲ್ಲಿ ಶಿಳ್ಳೆ ಬಿತ್ತು? ಒಂದೇ ಸಿನಿಮಾವನ್ನ ರಾತ್ರಿ ರಾತ್ರಿ ನೋಡಿದವನಿಗೆ ಇದರ ಲೆಕ್ಕ ಬಾಯಿಪಾಠ. ಒಂದು ಟೆಂಟು ನಾಲ್ಕಾಯ್ತು. ಮುಂದೆ ವಿಠಲಾಚಾರ್ಯರ ಸಿನಿಮಾಗಳಲ್ಲಿ ಹತ್ತು ನಿಮಿಷಕ್ಕೊಂದು ಪವಾಡ ಬರುತ್ತೆ ಅಂತ ಬುದ್ಧಿವಂತರು ನಕ್ಕರಲ್ಲ, ಆ ಹತ್ತು ನಿಮಿಷದ ಲೆಕ್ಕ ಅರಸೀಕೆರೆ ಸೀಮೆಯ ನೆಲದ ಟಿಕೆಟ್ಟಿನವರಿಂದ ಕಲಿತದ್ದು ಅಂತ ನನಗೆ ಅನ್ನಿಸುತ್ತೆ.

ಅಲ್ಲಿಂದ ಮೈಸೂರು. ಶಂಕರ್ ಸಿಂಗ್ ಮತ್ತಿತರ ಗೆಳೆಯರ ಜೊತೆಗೇ ಮಹಾತ್ಮಾ ಪಿಕ್ಚರ್ಸ್. ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಸಿನಿಮಾ ಬರ್ತಿದ್ದ ಕಾಲದಲ್ಲಿ ಒಂದರ ಹಿಂದೊಂದು ಚಿತ್ರ ಮಾಡಿದ ಸಂಸ್ಥೆ ಇದು. 'ನಾಗಕನ್ನಿಕಾ' 1949ರಲ್ಲಿ. 1951ರಲ್ಲಿ 'ಜಗನ್ಮೋಹಿನಿ', ಶಂಕರ್ ಸಿಂಗ್ ನಿರ್ದೇಶನ. ಹೌದು, ಅದೇ ಹೆಸರು, ಮೂಲ ನಮ್ಮದೇ. ನಟಿ ಹರಿಣಿ ಅದರಲ್ಲಿ ಈಜುಡುಗೆ ತೊಟ್ಟು ಕಾಣಿಸಿಕೊಂಡಿದ್ದು ಆಗಿನ ಕಾಲಕ್ಕೆ ದೊಡ್ಡ ಗುಲ್ಲು. ಸಿನಿಮಾ ಭರ್ಜರಿಯಾಗಿ ಓಡಿತು. ಶಂಕರ್ ಸಿಂಗ್ ಮತ್ತು ನಟಿ ಪ್ರತಿಮಾದೇವಿ ದಂಪತಿಯ ಮಗನೇ 'ನಾಗರಹೊಳೆ', 'ಬಂಧನ', 'ಮುತ್ತಿನಹಾರ' ಮಾಡಿದ ಎಸ್. ವಿ. ರಾಜೇಂದ್ರ ಸಿಂಗ್ ಬಾಬು. ಅಂದ್ರೆ ಆ ಮನೆಯ ಒಂದು ಕವಲು ಕನ್ನಡದಲ್ಲೇ ಉಳೀತು.

1952ರಲ್ಲಿ ವಿಠಲಾಚಾರ್ಯರು ತಾವೇ ನಿರ್ದೇಶಿಸಿದ ಮೊದಲ ಚಿತ್ರ 'ಶ್ರೀ ಶ್ರೀನಿವಾಸ ಕಲ್ಯಾಣ'. ಅದರಲ್ಲಿ ಸಪ್ತರ್ಷಿಗಳ ಪೈಕಿ ಒಬ್ಬನಾಗಿ ಒಂದು ಸಣ್ಣ ಪಾತ್ರದಲ್ಲಿ ನಾಟಕ ಕಂಪನಿಯ ಹುಡುಗನೊಬ್ಬ ಬಂದು ಹೋಗ್ತಾನೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್. ಎರಡು ವರ್ಷ ಕಳೆದು, 1954ರಲ್ಲಿ, ಅದೇ ಹುಡುಗ 'ಬೇಡರ ಕಣ್ಣಪ್ಪ'ನಾದ, ರಾಜ್‌ಕುಮಾರ್ ಆದ. ಗೊರಗುಂಟೆಪಾಳ್ಯದ ಹತ್ತಿರ ಕಂಠೀರವ ಸ್ಟುಡಿಯೊದಲ್ಲಿ ಅಣ್ಣಾವ್ರ ಸಮಾಧಿಗೆ ಕೈ ಮುಗಿಯೋಕೆ ಹೋಗೋರು ಇದನ್ನೂ ನೆನಪಿಟ್ಟುಕೊಳ್ಳಿ.

ಅದೇ ಸ್ಟುಡಿಯೊದಿಂದ ತುಮಕೂರು ರಸ್ತೆಯಲ್ಲಿ ಮುಂದೆ ಬಂದ್ರೆ ಪೀಣ್ಯ. ಈ ವಿಷಯ ನನ್ನ ತಲೆಗೆ ಹೊಕ್ಕಿದ್ದೇ ಅಲ್ಲಿ. ಒಂದು ನವೆಂಬರಿನಲ್ಲಿ ಪೀಣ್ಯದ ಸಣ್ಣ ಕಾರ್ಖಾನೆಯೊಂದರ ರಾಜ್ಯೋತ್ಸವಕ್ಕೆ ಕರೆದಿದ್ರು. ಲೇತ್ ಮೆಷಿನ್ನುಗಳಿಗೆ ಕೆಂಪು-ಹಳದಿ ಪೇಪರ್ ಸುತ್ತಿ, ಭುವನೇಶ್ವರಿ ಫೋಟೋಗೆ ಹಾರ ಹಾಕಿ, ಪಕ್ಕದಲ್ಲೇ ಚಿತ್ರಾನ್ನದ ಡಬರಿ. ಊಟದ ಹೊತ್ತಿಗೆ ಟರ್ನರ್ ಕೆಲಸದ ಒಬ್ಬ ಹಿರಿಯರು, ಹಿಂದೂಪುರದ ಕಡೆಯವರು, ಪೀಣ್ಯಕ್ಕೆ ಬಂದು ಬಹಳ ವರ್ಷ ಆಗಿದೆ, ಅಚ್ಚ ಕನ್ನಡ ಮಾತಾಡ್ತಾರೆ, ಹಳೇ ಸಿನಿಮಾ ಮಾತು ಬಂದಾಗ ಎದೆಯುಬ್ಬಿಸಿ ಹೇಳಿದ್ರು: 'ವಿಠಲಾಚಾರ್ಯ ಮಾ ವಾಡು ಸಾರ್.' ನಮ್ಮವನು ಅಂತ. ನಾನು ನಕ್ಕು, ಅವರು ಉಡುಪಿಯವರು, ನಮ್ಮವರು ಅಂದೆ. ಆ ಮನುಷ್ಯ ನಂಬಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಕನ್ನಡದ ಹುಡುಗರು ಕೇಳಿದ್ದೇನು ಗೊತ್ತಾ? 'ಯಾರ್ ಸಾರ್ ಅದು?'

ಅಲ್ಲಿಗೆ ನಿಜವಾದ ಪ್ರಶ್ನೆಗೆ ಬಂದ್ವಿ. ನಮ್ಮವರು ಅವರವರಾಗಿದ್ದು ಹೇಗೆ?

1953ರ ಹೊತ್ತಿಗೆ ಪಾಲುದಾರಿಕೆ ಮುರೀತು. ವಿಠಲ್ ಪ್ರೊಡಕ್ಷನ್ಸ್ ಅಂತ ತಮ್ಮದೇ ಸಂಸ್ಥೆ ಕಟ್ಟಿ 'ರಾಜ್ಯಲಕ್ಷ್ಮಿ', 'ಕನ್ಯಾದಾನ' ಮಾಡಿದ್ರು. 'ಕನ್ಯಾದಾನ' ದೆವ್ವದ ಕಥೆ ಅಲ್ಲ, ಸಂಸಾರದ ಕಥೆ. ಅದನ್ನೇ 1955ರಲ್ಲಿ ತೆಲುಗಿನಲ್ಲಿ ಮಾಡಿದ್ರು, ಮದರಾಸಿಗೆ ಹೋದ್ರು, ಅಲ್ಲೇ ಉಳಿದ್ರು. ಇದಕ್ಕೆ ಭಾಷಾದ್ರೋಹ ಅಂತೆಲ್ಲ ಹೆಸರಿಡೋರು ಒಂದು ಸಂಗತಿ ತಿಳ್ಕೋಬೇಕು. 1956ರ ನವೆಂಬರ್ 1ರವರೆಗೆ ಕನ್ನಡಿಗರಿಗೆ ಒಂದು ರಾಜ್ಯವೇ ಇರಲಿಲ್ಲ. ಕನ್ನಡ ಮಾತಾಡೋ ಜನ ಮೈಸೂರು, ಮುಂಬೈ, ಹೈದರಾಬಾದು, ಮದರಾಸು, ಕೊಡಗು ಅಂತ ಹಂಚಿಹೋಗಿದ್ರು. ಉದ್ಯಾವರ ಇದ್ದದ್ದೇ ಮದರಾಸು ಆಡಳಿತದಲ್ಲಿ. ಅವರು ಹುಟ್ಟಿದೂರಿನ ರಾಜಧಾನಿಗೇ ಹೋದ್ರು ಅಂತಲೂ ಹೇಳಬಹುದು!

ಇನ್ನು ಸಿನಿಮಾದ ಲೆಕ್ಕ. ದೊಡ್ಡ ಸ್ಟುಡಿಯೊಗಳು, ಒಳ್ಳೆ ಲ್ಯಾಬ್, ಟ್ರಿಕ್ ಕೆಲಸ ಬಲ್ಲ ಕ್ಯಾಮೆರಾಮನ್‌ಗಳು, ಎಲ್ಲ ಇದ್ದದ್ದು ಮದರಾಸಿನಲ್ಲಿ. ಕನ್ನಡ ಚಿತ್ರಗಳೇ ಬಹುಪಾಲು ಅಲ್ಲೇ ತಯಾರಾಗ್ತಿದ್ವು. ರಾಜ್‌ಕುಮಾರ್ ಕೂಡ ವರ್ಷಗಟ್ಟಲೆ ಮದರಾಸಿನಲ್ಲೇ ಸಂಸಾರ ಮಾಡಿದ್ರು. ಇಲ್ಲಿ ಸರ್ಕಾರದ ಸಬ್ಸಿಡಿ, ಕಂಠೀರವ ಸ್ಟುಡಿಯೊ ಅಂತೆಲ್ಲ ಶುರುವಾಗಿದ್ದು 60ರ ದಶಕದಲ್ಲಿ. ಮಾಯಾಜಾಲದ ಸಿನಿಮಾಗೆ ಸೆಟ್ಟು ಬೇಕು, ವೇಷ ಬೇಕು, ದಿನಗಳು ಬೇಕು. ಆ ಖರ್ಚು ವಾಪಸ್ ಬರೋಕೆ ಊರೂರು ಥಿಯೇಟರ್ ಇರೋ ಮಾರುಕಟ್ಟೆ ಬೇಕು. ಅದು ತೆಲುಗಿನಲ್ಲಿ ಇತ್ತು. ಹೋಟೆಲ್ ನಡೆಸಿದ ಮನುಷ್ಯ, ಗಿರಾಕಿ ಎಲ್ಲಿದ್ದಾರೆ ಅಂತ ನೋಡದೆ ಒಲೆ ಹಚ್ತಾರಾ?

ಆದ್ರೂ ಕನ್ನಡವನ್ನ ಪೂರ್ತಿ ಬಿಡಲಿಲ್ಲ. 1958ರಲ್ಲಿ ರಾಜ್‌ಕುಮಾರ್ ಜೊತೆ 'ಮನೆ ತುಂಬಿದ ಹೆಣ್ಣು'. 1963ರಲ್ಲಿ ಒಂದೇ ಕಥೆಯನ್ನ ಎರಡು ಭಾಷೆಯಲ್ಲಿ ತೆಗೆದ್ರು. ತೆಲುಗಿನಲ್ಲಿ ಎನ್. ಟಿ. ರಾಮರಾವ್ ನಾಯಕರಾಗಿ 'ಬಂದಿಪೋಟು', ಕನ್ನಡದಲ್ಲಿ ರಾಜ್‌ಕುಮಾರ್ ನಾಯಕರಾಗಿ 'ವೀರ ಕೇಸರಿ', ಜೊತೆಗೆ ಲೀಲಾವತಿ. ಅದರಲ್ಲಿ ರಾಜ್‌ಕುಮಾರ್‌ಗೆ ಘಂಟಸಾಲ ಹಾಡಿದ ಹಾಡು ಈಗಲೂ ಹಳೇ ಹಾಡುಗಳ ಕಾರ್ಯಕ್ರಮದಲ್ಲಿ ಬರ್ತಾನೇ ಇರುತ್ತೆ. ಹಾಡು ಗೊತ್ತು, ನಿರ್ದೇಶಕರು ಯಾರು ಅಂತ ಮಾತ್ರ ಗೊತ್ತಿಲ್ಲ.

ಈಗ ಆ ಮಾಯೆ ಹೇಗೆ ಮಾಡ್ತಿದ್ರು ಅನ್ನೋದು. ಪೀಣ್ಯದ ಆ ಟರ್ನರ್ ಹಿರಿಯರ ಜೊತೆ ನಾನು ಅರ್ಧ ಗಂಟೆ ಮಾತಾಡಿದ್ದು ಇದನ್ನೇ. ಅವರಿಗೆ ಇದು ನನಗಿಂತ ಬೇಗ ಅರ್ಥ ಆಯ್ತು. ಯಾಕಂದ್ರೆ ಇದೂ ಒಂದು ವರ್ಕ್‌ಶಾಪ್ ವಿದ್ಯೆ.

ಕಂಪ್ಯೂಟರ್ ಇಲ್ಲ. ಎಲ್ಲವೂ ಕ್ಯಾಮೆರಾದೊಳಗೆ ಇಲ್ಲವೇ ಲ್ಯಾಬಿನಲ್ಲಿ ಆಗಬೇಕು. ಅತ್ಯಂತ ಹಳೆಯ ಟ್ರಿಕ್ಕು ಫ್ರಾನ್ಸಿನ ಮೆಲಿಯೆಸ್ ಅನ್ನೋ ಜಾದೂಗಾರನದ್ದು. 1902ರಲ್ಲೇ ಚಂದ್ರಲೋಕದ ಸಿನಿಮಾ ಮಾಡಿದ ಆಸಾಮಿ. ಪ್ಯಾರಿಸ್‌ನ ಬೀದಿಯಲ್ಲಿ ಚಿತ್ರ ತೆಗೀತಿದ್ದಾಗ ಕ್ಯಾಮೆರಾ ಕ್ಷಣಕಾಲ ಸಿಕ್ಕಿಹಾಕಿಕೊಂಡಿತು, ಆಮೇಲೆ ಪರದೆ ಮೇಲೆ ನೋಡಿದ್ರೆ ಬಸ್ಸು ಇದ್ದಕ್ಕಿದ್ದಂತೆ ಹೆಣದ ಗಾಡಿಯಾಗಿತ್ತು ಅಂತ ಅವನೇ ಹೇಳಿಕೊಂಡಿದ್ದಾನೆ. ಅಷ್ಟೇ ವಿದ್ಯೆ. ಕ್ಯಾಮೆರಾ ಅಲುಗಾಡಬಾರದು. ನಟಿ ನಿಂತಲ್ಲೇ ನಿಲ್ಲಬೇಕು. 'ಕಟ್' ಅಂದು ಕ್ಯಾಮೆರಾ ನಿಲ್ಲಿಸಿ, ನಟಿಯನ್ನ ಆಚೆ ಕಳಿಸಿ, ಅದೇ ಜಾಗದಲ್ಲಿ ಹಾವಿನ ಬುಟ್ಟಿ ತೆರೆದು, ಮತ್ತೆ ಕ್ಯಾಮೆರಾ ಓಡಿಸಿದ್ರೆ ಹೆಣ್ಣು ಹಾವಾದಳು. ಒಂದು ಇಂಚು ಆಚೀಚೆ ಆದ್ರೆ ಪರದೆ ಮೇಲೆ ಜಿಗಿತ ಕಾಣುತ್ತೆ, ಜನ ನಗ್ತಾರೆ. ಆ ಹಿರಿಯರು ತಕ್ಷಣ ಅಂದ್ರು: 'ಅಂದ್ರೆ ಫಿಕ್ಸ್ಚರ್ ಗಟ್ಟಿ ಇರಬೇಕು.' ಅದೇ ಮಾತು!

ಎರಡನೇದು ಮಾಸ್ಕಿಂಗ್. ದ್ವಿಪಾತ್ರ. 1964ರ 'ಅಗ್ಗಿಪಿಡುಗು' ಚಿತ್ರದಲ್ಲಿ ಎನ್‌ಟಿಆರ್ ಅವಳಿ ಅಣ್ಣತಮ್ಮಂದಿರು, ಒಬ್ಬನಿಗೆ ಪೆಟ್ಟು ಬಿದ್ರೆ ಇನ್ನೊಬ್ಬನಿಗೆ ನೋವು. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸಬೇಕಲ್ಲ? ಲೆನ್ಸಿನ ಮುಂದೆ ಅರ್ಧಕ್ಕೆ ಕಪ್ಪು ತಡೆ ಇಟ್ಟು ಫಿಲ್ಮಿನ ಎಡಭಾಗಕ್ಕೆ ಮಾತ್ರ ಬೆಳಕು ಬೀಳೋ ಹಾಗೆ ಚಿತ್ರ ತೆಗೀತಾರೆ. ಅದೇ ಫಿಲ್ಮನ್ನ ಹಿಂದಕ್ಕೆ ಸುತ್ತಿ, ತಡೆಯನ್ನ ಇನ್ನೊಂದು ಬದಿಗೆ ಇಟ್ಟು, ನಟ ವೇಷ ಬದಲಿಸಿ ಬಂದ ಮೇಲೆ ಬಲಭಾಗ ತೆಗೀತಾರೆ. ಎರಡನೇ ಸಲ ಎಡವಟ್ಟಾದ್ರೆ ಮೊದಲ ಸಲದ್ದೂ ಹೋಯ್ತು. ಕೊನೇ ಕಟ್ಟಿಂಗ್‌ನಲ್ಲಿ ಜಾಬ್ ಹಾಳಾದ್ರೆ ಅದುವರೆಗಿನ ಕೆಲಸವೆಲ್ಲ ಸ್ಕ್ರ್ಯಾಪ್ ಆಗುತ್ತಲ್ಲ, ಹಾಗೆ.

ಅಸ್ಥಿಪಂಜರ ಕುಣಿಯೋದು ಇನ್ನೂ ಸುಲಭ. ಕಪ್ಪು ಬಟ್ಟೆ ತೊಟ್ಟ ಮನುಷ್ಯ, ಬಟ್ಟೆ ಮೇಲೆ ಬಿಳಿ ಬಣ್ಣದಲ್ಲಿ ಎಲುಬು, ಹಿಂದೆ ಕಪ್ಪು ಪರದೆ. ಕಪ್ಪಿನಲ್ಲಿ ಕಪ್ಪು ಕರಗಿ ಎಲುಬು ಮಾತ್ರ ಉಳಿಯುತ್ತೆ. ಕಪ್ಪುಬಿಳುಪು ಸಿನಿಮಾದಲ್ಲಿ ಇದು ಅಮೋಘ. ತಲೆ ಬೇರೆ ಮುಂಡ ಬೇರೆ ಆಗಿ ಮಾತಾಡೋದು, ಕೈ ಮಾತ್ರ ಗಾಳಿಯಲ್ಲಿ ತೇಲೋದು, ಎಲ್ಲ ಇದೇ ಉಪಾಯದ ಮಕ್ಕಳು. ಹಾರಿ ಬಂದ ವಸ್ತು ಸರಿಯಾಗಿ ಕೈಗೆ ಕೂರಬೇಕು ಅಂದ್ರೆ ಕೈಯಿಂದ ಆಚೆ ಎಸೆದು ಚಿತ್ರ ತೆಗೆದು, ಆಮೇಲೆ ಉಲ್ಟಾ ಓಡಿಸ್ತಾರೆ. ಕೆ. ವಿ. ರೆಡ್ಡಿಯವರ 1957ರ 'ಮಾಯಾಬಜಾರ್'ನಲ್ಲಿ ಎಸ್. ವಿ. ರಂಗಾರಾವ್ ಬಾಯಿಗೆ ಲಡ್ಡುಗಳು ತಾವಾಗಿ ಹಾರಿ ಬರ್ತಾವಲ್ಲ, ಮಾರ್ಕಸ್ ಬಾರ್ಟ್ಲಿಯವರ ಕ್ಯಾಮೆರಾ, ಟ್ರಿಕ್ ಸಿನಿಮಾದಲ್ಲಿ ಅದು ಶಿಖರ. ಒಪ್ಪಿಕೊಳ್ಳೋಣ, ವಿಠಲಾಚಾರ್ಯರು ಆ ನಯಕ್ಕೆ ಹೋಗಲಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. 'ಮಾಯಾಬಜಾರ್' ಮದುವೆ ಮನೆಯ ಊಟ, ಇವರದ್ದು ಹೋಟೆಲ್ ಮೀಲ್ಸ್. ದಿನಾ ಹನ್ನೆರಡೂವರೆಗೆ ರೆಡಿ ಇರಬೇಕು, ರುಚಿ ಕೆಡಬಾರದು, ರೇಟು ಏರಬಾರದು.

ಇದು ಜಾಬ್ ವರ್ಕ್ ಮನೋಧರ್ಮ. ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ನೋಡಿ: ಡ್ರಾಯಿಂಗ್ ಬರುತ್ತೆ, ಡೇಟ್ ಇರುತ್ತೆ, ಇದ್ದ ಮೆಷಿನ್ನಿನಲ್ಲೇ ಮಾಡಿ ಕೊಡಬೇಕು. ಹೊಸ ಮೆಷಿನ್ ಬರಲಿ ಅಂತ ಕಾದ್ರೆ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗುತ್ತೆ. ವಿಠಲಾಚಾರ್ಯರು ಹೇಳಿದ ಬಜೆಟ್ಟಿನಲ್ಲಿ, ಹೇಳಿದ ದಿನಕ್ಕೆ ಸಿನಿಮಾ ಮುಗಿಸೋದಕ್ಕೆ ಹೆಸರಾದವರು. ಅವರ ಬಗ್ಗೆ ಮದರಾಸಿನಲ್ಲಿ ಒಂದು ಕಥೆ ಓಡಾಡ್ತಿತ್ತು. ನಟನೊಬ್ಬ ನಡುವೆ ಹೆಚ್ಚು ದುಡ್ಡು ಕೇಳಿದ್ರೆ, ಕಾಲ್‌ಶೀಟ್ ಕೊಡದೆ ಸತಾಯಿಸಿದ್ರೆ, ಇವರು ಜಗಳವಾಡ್ತಿರಲಿಲ್ಲವಂತೆ. ಮಾರನೇ ದಿನ ಕಥೆಯಲ್ಲಿ ಒಬ್ಬ ಋಷಿ ಬರ್ತಾನೆ, ಆ ಪಾತ್ರಕ್ಕೆ ಶಾಪ ಕೊಡ್ತಾನೆ, ಪಾತ್ರ ಗಿಣಿಯಾಗುತ್ತೆ ಇಲ್ಲವೇ ಮೇಕೆಯಾಗುತ್ತೆ. ಉಳಿದ ಸಿನಿಮಾ ಗಿಣಿ ಜೊತೆಗೇ ಮುಗಿಯುತ್ತೆ. ಗಿಣಿಗೆ ಕಾಲ್‌ಶೀಟ್ ಸಮಸ್ಯೆ ಇಲ್ಲ ನೋಡಿ! ಇದರಲ್ಲಿ ನಿಜ ಎಷ್ಟು, ಉಪ್ಪುಖಾರ ಎಷ್ಟು ಅನ್ನೋದು ಬೇರೆ ಮಾತು. ಆದ್ರೆ ಅವರ ಕಥೆಗಳಲ್ಲಿ ಶಾಪ ಅನ್ನೋದು ಎಂಥಾ ಕೆಲಸಕ್ಕೆ ಬರೋ ಸಲಕರಣೆ ಅಂತ ಇದರಿಂದ ತಿಳಿಯುತ್ತೆ. ಪ್ಯಾರಿಸ್‌ನವರು ತರ್ಕವನ್ನ ಮುರಿದಿದ್ದು ಸಿದ್ಧಾಂತಕ್ಕೆ. ಇವರು ಮುರಿದಿದ್ದು ಶೆಡ್ಯೂಲಿಗೆ. ಪರದೆ ಮೇಲೆ ಕಾಣೋ ಕನಸು ಮಾತ್ರ ಎರಡೂ ಕಡೆ ಕನಸೇ.

60ರ ದಶಕ ಅವರ ದಶಕ. 'ಮದನ ಕಾಮರಾಜು ಕಥ', 'ಗುರುವುನು ಮಿಂಚಿನ ಶಿಷ್ಯುಡು', 'ಮಂಗಮ್ಮ ಶಪಥಂ', 'ಜ್ವಾಲಾದ್ವೀಪ ರಹಸ್ಯಂ', 'ಪಿಡುಗು ರಾಮುಡು', 'ಗಂಡಿಕೋಟ ರಹಸ್ಯಂ'. ಎನ್‌ಟಿಆರ್ ಹಲವು ಚಿತ್ರಗಳಿಗೆ ನಾಯಕರು. ಕಾಂತಾರಾವ್ ಅನ್ನೋ ನಟ ಇವರ ಸಿನಿಮಾಗಳಲ್ಲಿ ಕತ್ತಿವರಸೆ ಮಾಡಿ ಮಾಡಿ 'ಕತ್ತಿ ಕಾಂತಾರಾವ್' ಅಂತಲೇ ಹೆಸರಾದ್ರು. ಎನ್‌ಟಿಆರ್ 1983ರಲ್ಲಿ ಮುಖ್ಯಮಂತ್ರಿ ಆದಾಗ ಎಲ್ಲರೂ ರಾಮ-ಕೃಷ್ಣನ ಪಾತ್ರಗಳನ್ನ ನೆನೆಸಿಕೊಂಡ್ರು. ಬಡವರ ಪರ ಕತ್ತಿ ಹಿಡಿದ ಜಾನಪದ ನಾಯಕನನ್ನ ಹಳ್ಳಿ ಹಳ್ಳಿಗೆ ತಲುಪಿಸಿದ್ದರಲ್ಲಿ ಉದ್ಯಾವರದವರ ಪಾಲು ಎಷ್ಟಿತ್ತು ಅಂತ ರಾಜಕೀಯ ಬರೆಯೋರು ಅಷ್ಟಾಗಿ ಕೇಳಿದ್ದು ನನಗೆ ಕಾಣಲಿಲ್ಲ.

ಹೊಗಳಿಕೆ ಸಾಕು. ಕೊರತೆಗಳನ್ನೂ ಹೇಳಬೇಕು. ಅವರ ಸಿನಿಮಾ ನಾಲ್ಕು ನೋಡಿದ್ರೆ ಐದನೇದು ಎಲ್ಲಿ ತಿರುಗುತ್ತೆ ಅಂತ ಗೊತ್ತಾಗಿಬಿಡುತ್ತೆ. ಅದೇ ಮಾಂತ್ರಿಕ, ಅದೇ ಗುಹೆ, ಏಳು ಸಮುದ್ರದ ಆಚೆಯ ಅದೇ ಗಿಣಿ. ಹೆಣ್ಣಿನ ವಿಷಯದಲ್ಲಿ ಇನ್ನೂ ತಕರಾರಿದೆ. ಒಂದು ಕಡೆ ದೇವಿಯನ್ನ ಬೇಡೋ ಪತಿವ್ರತೆ, ಇನ್ನೊಂದು ಕಡೆ ಮೈ ತೋರಿಸೋ ಮೋಹಿನಿ. ಆಸೆ ಇರೋ ಹೆಣ್ಣು ದೆವ್ವವೇ ಆಗಿರಬೇಕು ಅನ್ನೋ ಲೆಕ್ಕ. 1978ರ 'ಜಗನ್ಮೋಹಿನಿ'ಯಲ್ಲಿ ಜಯಮಾಲಿನಿ ಅವರಿಗೆ ಸಿಕ್ಕಿದ್ದು ಈ ಎರಡನೇ ಪಾಲು. ತಮಾಷೆ ಏನು ಅಂದ್ರೆ, ಇಷ್ಟು ವರ್ಷ ಆದ ಮೇಲೆ ಜನಕ್ಕೆ ಆ ಪತಿವ್ರತೆಯ ಪ್ರಾರ್ಥನೆ ನೆನಪಿಲ್ಲ, ದೆವ್ವದ ಅಡುಗೆ ನೆನಪಿದೆ.

ಆ ಸಿನಿಮಾ ಅವರಿಗೆ ಎರಡನೇ ಜನ್ಮ ಕೊಡ್ತು. 1951ರಲ್ಲಿ ಕನ್ನಡದಲ್ಲಿ ಗೆದ್ದ ಕಥೆಯನ್ನ ಇಪ್ಪತ್ತೇಳು ವರ್ಷ ಆದ ಮೇಲೆ ತೆಲುಗಿಗೆ, ಬಣ್ಣಕ್ಕೆ ತಂದಿದ್ದು. ಆಮೇಲೆ 'ಗಂಧರ್ವ ಕನ್ಯ', 'ಮದನ ಮಂಜರಿ', 'ನವ ಮೋಹಿನಿ' ಅಂತ ಬಂದ್ವು. 'ಜಗನ್ಮೋಹಿನಿ' ಹೆಸರಿನಲ್ಲಿ 2009ರಲ್ಲಿ ತಮಿಳಿನಲ್ಲಿ ಇನ್ನೊಂದು ಚಿತ್ರವೂ ಬಂತು, ನಮಿತಾ ನಟಿಸಿದ್ದು. ಅಷ್ಟು ಹೊತ್ತಿಗೆ ಗ್ರಾಫಿಕ್ಸ್ ಕಾಲ. ಅದನ್ನ ನೆನಪಿಟ್ಟುಕೊಂಡೋರು ಕಡಿಮೆ. ವಿಠಲಾಚಾರ್ಯರು 1999ರ ಮೇ 28ರಂದು ಚೆನ್ನೈನಲ್ಲಿ ತೀರಿಕೊಂಡ್ರು.

ಈಗ ಉಳಿದಿರೋದು ಏನು? ತೆಲುಗು ಚಿತ್ರಗಳು ಬಹಳಷ್ಟು ಮೊಬೈಲಿನಲ್ಲೇ ಸಿಗ್ತಾವೆ. ಕನ್ನಡದ ಕಥೆ ಬೇರೆ. 1934ರ 'ಸತಿ ಸುಲೋಚನ', ನಮ್ಮ ಮೊಟ್ಟಮೊದಲ ಮಾತಿನ ಚಿತ್ರ, ಅದರ ಒಂದು ಪ್ರತಿಯೂ ಉಳಿದಿಲ್ಲ. 50ರ ದಶಕದ ಆರಂಭದವರೆಗೆ ಸಿನಿಮಾ ಬರ್ತಿದ್ದದ್ದು ನೈಟ್ರೇಟ್ ಫಿಲ್ಮಿನಲ್ಲಿ. ಅದು ಬೇಗ ಹೊತ್ತಿಕೊಳ್ಳುತ್ತೆ, ಹೊತ್ತಿಕೊಳ್ಳದಿದ್ರೆ ಡಬ್ಬಿಯೊಳಗೇ ಕೊಳೆತು ಪುಡಿಯಾಗುತ್ತೆ. ಎಷ್ಟೋ ಹಳೇ ಪ್ರಿಂಟುಗಳನ್ನ ಅದರಲ್ಲಿರೋ ಚೂರುಪಾರು ಬೆಳ್ಳಿಗೋಸ್ಕರ ಗುಜರಿಗೆ ಹಾಕಿದ್ದೂ ಉಂಟು. ಮೈಸೂರಿನಲ್ಲಿ ಮಹಾತ್ಮಾ ಪಿಕ್ಚರ್ಸ್ ಕೆಲಸ ಮಾಡಿದ್ದು ಸರಿಯಾಗಿ ಆ ನೈಟ್ರೇಟ್ ಕಾಲದಲ್ಲೇ. ಒಬ್ಬ ಕನ್ನಡದ ಹುಡುಗ ಇವತ್ತು ವಿಠಲಾಚಾರ್ಯರನ್ನ ತೆಲುಗಿನವರು ಅಂದ್ಕೊಂಡ್ರೆ ತಪ್ಪು ಅವನದ್ದಾ? ಅವನ ಕಣ್ಣಿಗೆ ಬೀಳೋ ಸಾಕ್ಷಿಯೆಲ್ಲ ತೆಲುಗಿನಲ್ಲಿದೆ. ಸರ್ಕಾರಗಳು ಚಿತ್ರನಗರಿ ಕಟ್ತೀವಿ ಅಂತ ಎಷ್ಟು ಸಲ ಘೋಷಣೆ ಮಾಡಿಲ್ಲ? ಹೆಸರಘಟ್ಟ ಅಂದ್ರು, ರಾಮನಗರ ಅಂದ್ರು, ಮೈಸೂರು ಅಂದ್ರು. ತಣ್ಣನೆಯ ಒಂದು ಕೋಣೆ, ಡಬ್ಬಿ ಜೋಡಿಸೋಕೆ ನಾಲ್ಕು ಸಾಲು ಕಪಾಟು, ಹಳೇ ಫಿಲ್ಮ್ ಸ್ಕ್ಯಾನ್ ಮಾಡೋ ಒಂದು ಯಂತ್ರ, ಅದರ ಕೆಲಸ ಬಲ್ಲ ಮೂರು ಜನ. ಚಿತ್ರನಗರಿಯ ಕಾಂಪೌಂಡ್ ಗೋಡೆಯ ಖರ್ಚೂ ಇದಕ್ಕೆ ಬೇಡ.

ಪೀಣ್ಯದ ಆ ಹಿರಿಯರು ಹೊರಡೋ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ರು: ಒಲೆಯಲ್ಲಿ ಕಾಲು ಉರಿಯೋದನ್ನ ಹೇಗೆ ತೆಗೆದಿರಬಹುದು? ನನಗೆ ತಿಳಿದ ಹಳೇ ದಾರಿ ಹೇಳಿದೆ. ಮೊಣಕಾಲಿನಿಂದ ಕೆಳಗೆ ನಕಲಿ ಕಾಲು, ನಿಜವಾದ ಕಾಲನ್ನ ಮಡಚಿ ಸೀರೆಯೊಳಗೆ ಇಲ್ಲವೇ ನೆಲದ ಗುಂಡಿಯೊಳಗೆ ಇಳಿಸೋದು, ಮುಖಕ್ಕೊಂದು ಶಾಟ್, ಬೆಂಕಿಗೊಂದು ಶಾಟ್. ಅವರು ತಲೆ ಆಡಿಸಿದ್ರು, ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು. 'ಮೇಣದ್ದು ಇಡೋಕಾಗಲ್ಲ ಸಾರ್, ಕರಗುತ್ತೆ. ಮರದ್ದು ಕಡೆದು ಮೇಲೆ ಪ್ಲಾಸ್ಟರ್ ಮೆತ್ತಿರಬೇಕು. ನಮ್ ಶೆಡ್ಡಲ್ಲಿ ಆದ್ರೆ ಅರ್ಧ ದಿನದ ಕೆಲಸ' ಅಂದ್ರು. ಅಷ್ಟರಲ್ಲಿ ಎರಡನೇ ಶಿಫ್ಟಿನ ಸೈರನ್ ಆಯ್ತು, ಚಿತ್ರಾನ್ನದ ತಟ್ಟೆ ತೊಳೆದಿಟ್ಟು ಅವರು ಮೆಷಿನ್ ಕಡೆ ಹೋದ್ರು.